ಶರಣಮ್ಮನ ಖಾನಾವಳಿಯಲ್ಲಿ ನಾನು ಬಡಿದ ರೊಟ್ಟಿ

ಹೆಂಡತಿಯನ್ನು ಹೊರಗೆ ಊಟಕ್ಕೆ ಕರೆದುಕೊಂಡು ಹೋಗುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ನಂಬಿದ್ದೆ. ಹೋಗಬೇಕು, ಕೂಡಬೇಕು, ಉಣ್ಣಬೇಕು, ಬರಬೇಕು. ಇದರಲ್ಲಿ ತಪ್ಪುವುದಕ್ಕೆ ಜಾಗವೆಲ್ಲಿದೆ?

ಆಗ ನಾನು ಭೀಮರಾಯನಗುಡಿಯ ಕ್ಯಾಂಪಿನಲ್ಲಿ ಕಾಲುವೆ ಕಚೇರಿಯ ಟ್ರೇಸರ್. ಇಂಜಿನಿಯರ್ ಸಾಹೇಬರು ಬರೆದ ನಕಾಶೆಯ ಮೇಲೆ ತೆಳ್ಳನೆಯ ಕಾಗದ ಹಾಸಿ, ಅವೇ ಗೆರೆಗಳನ್ನು ಮತ್ತೊಮ್ಮೆ ಎಳೆಯುವುದು ನನ್ನ ಕೆಲಸ. ಕಾಲುವೆಗೆ ಇನ್ನೂ ನೀರು ಬಂದಿರಲಿಲ್ಲ. ಆದರೆ ನಮ್ಮ ಕ್ವಾರ್ಟರ್ಸಿಗೆ ನೆಂಟರು ತಪ್ಪದೆ ಬರುತ್ತಿದ್ದರು! ಜಮೀನಿನ ಕಾಗದ ತೋರಿಸಲು ಬಂದವರು, ಕೆಲಸ ಕೇಳಲು ಬಂದವರು, ಕಾಲುವೆ ಹೇಗೆ ತೋಡುತ್ತಾರೆಂದು ಸುಮ್ಮನೆ ನೋಡಲು ಬಂದವರು, ಎಲ್ಲರೂ ಸರಿಯಾಗಿ ಊಟದ ಹೊತ್ತಿಗೇ ಹಾಜರು. ನನ್ನ ಹೆಂಡತಿ ಮಹಾದೇವಿ ಏಳು ವರ್ಷ ಒಲೆಯ ಮುಂದೆ ಕುಳಿತು ಅವರೆಲ್ಲರಿಗೂ ರೊಟ್ಟಿ ಬಡಿದಳು.

ಒಂದು ದಿನ ತಟ್ಟೆ ತೊಳೆಯುತ್ತ ಅಂದಳು: "ಮಂದಿ ಬಡಿದ ಬಿಸಿ ರೊಟ್ಟಿ, ಕುಂತಲ್ಲೇ ಹಾಕಿಸ್ಕೊಂಡು ಉಂಡು ಎಷ್ಟ್ ವರ್ಷ ಆತೋ ಏನೋ."

ಜಗಳದ ಧ್ವನಿಯಲ್ಲಿ ಅಂದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಅವಳು ತಟ್ಟೆಗೆ ಹೇಳಿದಂತೆ ಮೆಲ್ಲಗೆ ಹೇಳಿದಳು. ಅದು ನನಗೆ ನಾಟಿತು.

"ಐತಾರ ಶಹಾಪುರಕ್ಕ ಹೋಗೋಣು!" ಎಂದು ಘೋಷಿಸಿದೆ. "ಶರಣಮ್ಮನ ಖಾನಾವಳಿ. ಗಂಡ ಬಡಿಸ್ತಾನ, ಹೆಂಡತಿ ಒಳಗ ಬಿಸಿ ಬಿಸಿ ಬಡೀತಾಳ. ನೀ ಒಟ್ಟ ಕೈ ಹಚ್ಚಂಗಿಲ್ಲ."

ಆ ಖಾನಾವಳಿಯ ಹೊಸ್ತಿಲನ್ನು ನಾನೂ ತುಳಿದಿರಲಿಲ್ಲ. ಕಚೇರಿಯಲ್ಲಿ ಕೇಳಿದ ಹೊಗಳಿಕೆಯನ್ನೇ, ನನ್ನ ವೃತ್ತಿಧರ್ಮಕ್ಕೆ ತಕ್ಕಂತೆ, ಮೇಲೊಂದು ಕಾಗದವಿಟ್ಟು ನಕಲು ಮಾಡಿದ್ದೆ.

ಐತವಾರ ಮಹಾದೇವಿ ಟ್ರಂಕಿನಿಂದ ಹಸಿರು ಇಳಕಲ್ ಸೀರೆ ತೆಗೆದು ಉಟ್ಟಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ದಾರಿಯುದ್ದಕ್ಕೂ ನಗುತ್ತಲೇ ಇದ್ದಳು. ನಾನು ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾಚಟ್ನಿಗಳ ಬಗ್ಗೆ ಭಾಷಣ ಮಾಡಿದೆ. ಹಿಂದಿನ ಸೀಟಿನವನೂ ಕಿವಿಗೊಟ್ಟು ಕೇಳಿದ!

ಖಾನಾವಳಿಯೆಂದರೆ ಒಂದು ಮನೆಯ ಪಡಸಾಲೆ. ಉದ್ದನೆಯ ಎರಡು ಬೆಂಚು. ಕಾಲುವೆ ಕೆಲಸದ ನಾಲ್ವರು ಆಗಲೇ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ತಟ್ಟೆಗಳು ಖಾಲಿ. ಶರಣಮ್ಮನ ಗಂಡ ಗುರಣ್ಣ ಕೈಮುಗಿದುಕೊಂಡು ಬಂದ.

"ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ. ಇವತ್ತು ರೊಟ್ಟಿ ಇಲ್ರಿ. ಮುಂಜಾನೆ ನೀರಿನ ಕೊಡ ಎತ್ತಲಾಕ ಹೋಗಿ ನಮ್ಮಾಕಿ ಕೈ ಉಳುಕ್ಯಾದ. ಅನ್ನ ಸಾರು, ಎಣ್ಣೆಗಾಯಿ ಅದಾವ, ನಡೀತದೇನ್ರಿ?"

ಮಹಾದೇವಿ ಸೀರೆಯ ಸೆರಗನ್ನು ಸುಮ್ಮನೆ ಸರಿಪಡಿಸಿಕೊಂಡಳು. ಆಗ ನಾನು, ಪರಿಸ್ಥಿತಿಯನ್ನು ಕೈಗೆತ್ತಿಕೊಂಡು, ಜನ್ಮದಲ್ಲೇ ಅತಿ ಮೂರ್ಖವಾದ ಮಾತೊಂದನ್ನು ಆಡಿದೆ.

"ಅಷ್ಟಕ್ಕ ಯಾಕ ಚಿಂತಿ ಮಾಡ್ತೀರಿ? ನಮ್ಮಾಕಿ ಬಡೀತಾಳ! ಆಕಿ ಕೈಯಾಗಿನ ರೊಟ್ಟಿ ಉಂಡು ನೋಡ್ರಿ ನೀವು!"

ಮಹಾದೇವಿ ನನ್ನನ್ನೇ ನೋಡಿದಳು. ಆಮೇಲೆ ಬೆಂಚಿನ ಮೇಲೆ, ಕಾರ್ಮಿಕರ ಎದುರಿಗೆ, ಗಟ್ಟಿಯಾಗಿ ಕುಳಿತಳು.

"ನಾ ಏಳಂಗಿಲ್ರಿ. ನಾ ಇವತ್ತು ಗಿರಾಕಿ. ನೀವ ಬಡೀರಿ."

"ನಾನಾ?"

"ಹೌದ್ರಿ. ಜಲ್ದಿ ಬಡೀರಿ. ಮಂದಿ ಹಸಿದು ಕುಂತಾರ."

ನಾಲ್ವರಲ್ಲಿ ಹಿರಿಯನಾದವನು ತಟ್ಟೆಯನ್ನು ಬೆರಳಿನಿಂದ ಬಾರಿಸಿ ಈ ಠರಾವಿಗೆ ಅನುಮೋದನೆ ನೀಡಿದ. ನಾನು ತೋಳು ಮಡಚಿ ಒಳಗೆ ನಡೆದೆ.

ಶರಣಮ್ಮ ಮಣಿಕಟ್ಟಿಗೆ ಅರಿಶಿನದ ಬಟ್ಟೆ ಸುತ್ತಿಕೊಂಡು ಒಲೆಯ ಬಳಿ ಕುಳಿತಿದ್ದಳು. ನನ್ನನ್ನು ನೋಡಿ ಗಾಬರಿಯಾದಳು. ಆಮೇಲೆ ನಕ್ಕಳು. ಆಮೇಲೆ ಹುಕುಂ ಶುರು ಮಾಡಿದಳು.

"ಹಿಟ್ಟಿಗೆ ಕುದಿಯೋ ನೀರು ಹಾಕ್ರಿ ಅಣ್ಣಾರ. ಕೈ ಹಾಕಬ್ಯಾಡ್ರಿ, ಸುಡ್ತದ!"

ಎರಡನೆಯ ವಾಕ್ಯ ಬರುವಷ್ಟರಲ್ಲಿ ನನ್ನ ಕೈ ಒಳಗೆ ಹೋಗಿತ್ತು.

ನಾದಿದೆ. ಉಂಡೆ ಮಾಡಿದೆ. ಕಲ್ಲಿನ ಮೇಲಿಟ್ಟು ಬಡಿದೆ. ಬಡಿಯುತ್ತಿದ್ದಂತೆ ರೊಟ್ಟಿ ತಾನಾಗಿಯೇ ತಿರುಗಬೇಕಂತೆ. ನನ್ನದು ಕಲ್ಲಿಗೆ ಅಂಟಿ ಕುಳಿತಿತು. ಕೊನೆಗೆ ನಾನೇ ಅದರ ಸುತ್ತ ತಿರುಗಿದೆ! ಎತ್ತಿದರೆ ಎರಡು ತುಂಡು. ಇನ್ನೊಂದು ಬಡಿದೆ, ಮೂರು ತುಂಡು. ಪ್ರಗತಿ ಕಾಣುತ್ತಿತ್ತು, ದಿಕ್ಕು ಮಾತ್ರ ಬೇರೆ. ಹಂಚಿನ ಮೇಲಿನ ರೊಟ್ಟಿಗೆ ನೀರು ಹಚ್ಚಲು ಹೋಗಿ ಒಲೆಗೇ ನೀರು ಸುರಿದೆ. ಹೊಗೆ ಎದ್ದಿತು. ನಾನು ಕೆಮ್ಮಿದೆ, ಶರಣಮ್ಮ ಕೆಮ್ಮಿದಳು, ಹೊರಗಿನ ನಾಲ್ವರೂ ಕೆಮ್ಮಿದರು.

"ಅಣ್ಣಾರ, ಇದರಾಗ ಇಷ್ಟ್ ಬಿರುಕು ಯಾಕ ಬಿಟ್ಟಾವು?"

"ಇದು ಮುಖ್ಯ ಕಾಲುವಿ ಅಮ್ಮಾ. ಇವು ಉಪಕಾಲುವಿ," ಅಂದೆ.

ನಕ್ಕು ನಕ್ಕು ಅವಳ ಕೈನೋವು ಹೆಚ್ಚಾಯಿತು. ಇದು ಆ ದಿನದ ನನ್ನ ಇನ್ನೊಂದು ಸಾಧನೆ.

ಗುರಣ್ಣ ನನ್ನ ಕೃತಿಗಳನ್ನು ಹೊರಗೆ ಸಾಗಿಸತೊಡಗಿದ. ಒಂದು ಕಡೆ ಕರಿ, ಇನ್ನೊಂದು ಕಡೆ ಹಸಿ. ಹಿರಿಯ ಕಾರ್ಮಿಕ ಒಂದು ತುಂಡನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ, "ಫರಸಿಕಲ್ಲು ಛಲೋ ಅದ. ಮನಿಗೆ ಹಾಸಬಹುದು," ಎಂದು ತೀರ್ಪು ಕೊಟ್ಟ. ಆದರೂ ನಾಲ್ವರೂ ಸಾರಿನಲ್ಲಿ ನೆನೆಸಿ ನೆನೆಸಿ ತಿಂದರು. ಬಡಪಾಯಿಗಳು!

ಬೆವರು ಒರೆಸಿಕೊಂಡು ಪಡಸಾಲೆಗೆ ಇಣುಕಿದೆ. ಮಹಾದೇವಿ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ನನ್ನ ರೊಟ್ಟಿಯನ್ನು ಮುರಿಯಲು ಎರಡೂ ಕೈ ಬೇಕಾಗುತ್ತಿದ್ದವು. ಮುರಿದಳು, ಎಣ್ಣೆಗಾಯಿಗೆ ಒತ್ತಿದಳು, ನಿಧಾನವಾಗಿ ಅಗಿದಳು. ತಟ್ಟೆಯಿಂದ ಕಣ್ಣೆತ್ತದೆ, "ಇನ್ನೊಂದು ಹಾಕ್ರಿ," ಅಂದಳು.

ನಾನು ಓಡಿದೆ. ಅಷ್ಟು ಜೋರಾಗಿ ನಾನು ಇಂಜಿನಿಯರ್ ಸಾಹೇಬರು ಕರೆದಾಗಲೂ ಓಡಿದವನಲ್ಲ.

ಆಗ ಮಹಾದೇವಿ ಒಳಗಿದ್ದ ಶರಣಮ್ಮನನ್ನು ಕೂಗಿದಳು: "ಅಕ್ಕಾರ, ನೀವೂ ಬರ್ರಿ. ನೀವು ಉಂಡೀರೇನು?"

ಶರಣಮ್ಮ ಗಂಡನ ಮುಖ ನೋಡಿದಳು. ತನ್ನದೇ ಖಾನಾವಳಿಯ ಬೆಂಚಿನ ಮೇಲೆ ಅವಳು ಒಮ್ಮೆಯೂ ಕುಳಿತಿರಲಿಲ್ಲವಂತೆ. ಗುರಣ್ಣ ಒಂದು ತಟ್ಟೆ ತೊಳೆದು ತಂದು ಮಹಾದೇವಿಯ ಪಕ್ಕದಲ್ಲಿಟ್ಟ. ಶರಣಮ್ಮ ಸಂಕೋಚದಿಂದ ಬೆಂಚಿನ ತುದಿಯಲ್ಲಿ ಕುಳಿತಳು. ಬಲಗೈಗೆ ಬಟ್ಟೆಯಿದ್ದುದರಿಂದ ಮಹಾದೇವಿಯೇ ಅವಳಿಗೆ ರೊಟ್ಟಿ ಮುರಿದು ಕೊಟ್ಟಳು. ಇಬ್ಬರೂ ಏನೇನೋ ಮಾತಾಡಿಕೊಂಡು ನಗುತ್ತ ಉಂಡರು. ಒಳಗೆ ನಾನು ಬಡಿದೆ, ಗುರಣ್ಣ ಬಡಿಸಿದ. ಗಂಡಸರಿಬ್ಬರೂ ಆಮೇಲೆ ಒಲೆಯ ಬಳಿ ಕುಳಿತು, ಉಳಿದ ಚೂರುಗಳನ್ನು ಮಜ್ಜಿಗೆಯಲ್ಲಿ ಅದ್ದಿ ನುಂಗಿದೆವು. ನನ್ನ ರೊಟ್ಟಿಯ ರುಚಿ ನನಗೆ ತಿಳಿದದ್ದು ಆಗಲೇ. ಅಯ್ಯೋ ಶಿವನೇ!

ಬಸ್ ಸ್ಟ್ಯಾಂಡಿಗೆ ನಡೆಯುತ್ತ ಧೈರ್ಯ ಮಾಡಿ ಕೇಳಿದೆ: "ಹ್ಯಾಂಗಿತ್ತು?"

ನನ್ನ ತೋಳಿಗೆ ಮೆತ್ತಿದ್ದ ಹಿಟ್ಟನ್ನು ಕೊಡವಿದಳು.

"ಬಿಸಿ ಇತ್ರಿ," ಅಂದಳು.

ಅವಳ ಕಣ್ಣುಗಳು ತುಂಬಿದ್ದವು. ಹೊಗೆಯಿಂದಲೋ ಇನ್ನೇತರಿಂದಲೋ, ನಾನು ಕೇಳಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಮರುದಿನ ಬೆಳಿಗ್ಗೆ ಅವಳಿಗಿಂತ ಮೊದಲೇ ಎದ್ದು, ತೋಳು ಮಡಚಿ, ಹಿಟ್ಟಿನ ಡಬ್ಬಿಗೆ ಕೈ ಹಾಕಿದೆ. ಮಹಾದೇವಿ ಬಂದು ಡಬ್ಬಿಯನ್ನು ಮೆತ್ತಗೆ ಕಸಿದುಕೊಂಡಳು.

"ಬ್ಯಾಡ್ರಿ. ಅಲ್ಲಿ ಗಿರಾಕಿಗೆ ಎದ್ದು ಓಡಿ ಹೋಗಲಾಕಾದ್ರೂ ಬರ್ತಿತ್ತು. ಮನ್ಯಾಗ ನಾವೆಲ್ಲಿಗೆ ಓಡೋಣ್ರಿ?"

ಬಹಳ ಮಾತುಕತೆಯ ನಂತರ ಒಂದು ಒಪ್ಪಂದವಾಯಿತು. ಪ್ರತಿ ಐತವಾರ ಹಂಚಿನ ಮೇಲಿನ ರೊಟ್ಟಿಗೆ ನೀರು ಹಚ್ಚುವ ಕೆಲಸ ನನ್ನದು. ಇಷ್ಟು ವರ್ಷವಾದರೂ ಬಡ್ತಿ ಸಿಕ್ಕಿಲ್ಲ!