ನಾಯಿಯ ಹೆಸರು ಬರೆದರು, ಹಿಡಿದವನ ಹೆಸರು?

ಒಂದು ಹಳೆಯ ಫೋಟೋದ ಹಿಂದೆ ಸಾಹುಕಾರರ ನಾಯಿಯ ಹೆಸರು ಬರೆದರು. ಅದರ ಸರಪಳಿ ಹಿಡಿದು ನಿಂತ ಮನುಷ್ಯನ ಹೆಸರು ಬರೆಯಲಿಲ್ಲ. ಇದು ತಪ್ಪು.

ತೆಲಂಗಾಣ ಬಂದ ಮೇಲೆ ನಾರಾಯಣಪೇಟೆಯ ಹತ್ತಿ ಮಿಲ್ಲಿನ ಸಾಹುಕಾರರ ಮನೆತನದವರು ತಮ್ಮ ಹಳೆಯ ಕಾಗದ, ಫೋಟೋಗಳನ್ನೆಲ್ಲ ಗದ್ವಾಲಿನ ಬಂಗಲೆಗೆ ತಂದಿಟ್ಟು ಒಬ್ಬ ಮ್ಯಾನೇಜರನನ್ನು ಕೂಡಿಸಿದರು. ಅವನು ಕನ್ನಡ ಮಾತಾಡುತ್ತಾನೆ, ಓದಲು ಬಾರದು. ಸಾಲಿ ಕಲಿತದ್ದು ತೆಲುಗಿನಲ್ಲಿ. ನಾನು ಆ ಮಿಲ್ಲಿನ ಹಳೆಯ ಕೆಲಸಗಾರ, ಸಾಲಿಗೇ ಹೋದವನಲ್ಲ, ಗೋಡೆಯ ಮೇಲಿನ ಘೋಷಣೆ ಓದುತ್ತ ಅಕ್ಷರ ಕಲಿತವನು. ಕನ್ನಡದ ಕಾಗದ ಓದಿ ಹೇಳಲು ನನ್ನನ್ನು ಕರೆದರು. ಜಗಳಾಡಲೆಂದೇ ಹೋಗುತ್ತಿದ್ದೆ. ಅಲ್ಲಿ ದಿನಾ ಏನಾದರೂ ಒಂದು ನಡೆದು, ನಕ್ಕು ಬರುತ್ತಿದ್ದೆ.

೧. ಎರಡು ಕಪಾಟು

ಒಂದು ಕಪಾಟು ಖಾಸಗಿ, ಒಂದು ವ್ಯಾಪಾರ. ಹಳೆಯ ಸಾಹುಕಾರರು ಹೆಂಡತಿಗೆ ಬರೆದ ಕಾಗದ ಓದಿದೆ: "ಮಕ್ತಲ್ ಹತ್ತಿ ಹಸಿ ಐತಿ. ನಿನ್ನ ಕೆಮ್ಮು ಹ್ಯಾಂಗೈತಿ? ಹತ್ತಿ ಬಿಸಿಲಿಗೆ ಹಾಕಿಸು, ನೀನೂ ಬಾಜೂಕ ಕೂಡು."

"ಇದು ಯಾವ ಕಪಾಟಿಗೆ ಅಣ್ಣ?" ಅಂದ ಮ್ಯಾನೇಜರ.

"ನೀವು ಹೆಂಡತಿಗೆ ಬರೆದದ್ದು ಎಲ್ಲಿಡ್ತೀರಿ?"

"ನಾನು ಬರೆಯಂಗಿಲ್ರಿ. ಆಕಿ ಹೇಳಿದ್ದು ಕೇಳ್ತೀನಿ."

೨. ನನ್ನ ಕರಪತ್ರ

ಹೋರಾಟದ ದಿನಗಳಲ್ಲಿ ನಾನೇ ಅಚ್ಚು ಹಾಕಿಸಿ ಹಂಚಿದ ಕರಪತ್ರ ಸಿಕ್ಕಿತು. "ತೆಲಂಗಾಣ ಕೊಡುವತನಕ ಮಿಲ್ಲು ಬಂದ್" ಎಂದಿತ್ತು. ಸಾಹುಕಾರರು ಅಂಜಿ ಜೋಪಾನ ಮಾಡಿದ್ದಾರೆ ಎಂದು ಎದೆ ಉಬ್ಬಿತು. ಮ್ಯಾನೇಜರ ಅದನ್ನು ಮೂಸಿ ನೋಡಿ ಖಾಸಗಿ ಕಪಾಟಿಗೆ ಇಟ್ಟ.

"ಮಿಲ್ಲಿನ ಮಾತು ಐತಲ್ರಿ, ಖಾಸಗಿ ಯಾಕ?" ಎಂದೆ.

"ಉಪ್ಪಿನಕಾಯಿ ವಾಸನಿ ಬರ್ತೈತಿ ಅಣ್ಣ. ಭರಣಿ ಮುಚ್ಚಿದ್ದು ಇದು."

೩. ಯಾರಿಗೆ ತೋರಿಸಬೇಕು

ಆಮೇಲೆ ಆ ಫೋಟೋ ಸಿಕ್ಕಿತು. ನಾಯಿ ಹಿಡಿದು ನಿಂತವನು ಮಿಲ್ಲಿನ ವಾಚ್‌ಮನ್ ಕಾಕಾ. ತೀರಿಕೊಂಡು ಬಹಳ ದಿನವಾಗಿತ್ತು. ಮಕ್ತಲಿನಲ್ಲಿರುವ ಅವನ ಹೆಂಡತಿಯ ಹತ್ತಿರ ಅವನದೊಂದೂ ಫೋಟೋ ಇರಲಿಲ್ಲ. ಸುದ್ದಿ ಕೇಳಿ ಮುದುಕಿ ಬಸ್ಸು ಹತ್ತಿ ಬಂದಳು.

"ಸಂಶೋಧಕರಿಗಷ್ಟ ತೋರಿಸಬೇಕಂತ ನಿಯಮ ಐತಿ ಅವ್ವ," ಅಂದ ಮ್ಯಾನೇಜರ.

"ಅಂದ್ರ ಯಾರಪ್ಪ?"

"ಒಂದನ್ನೇ ಹಿಡಕೊಂಡು, ವರ್ಷಗಟ್ಟಲೆ ನೋಡಿ, ತಪ್ಪು ಹುಡುಕವರು."

"ಹಂಗಾರ ನಾನ ಅದೀನಿ. ಲಗ್ನ ಆದಾಗಿಂದ ಅವರ ತಪ್ಪ ಹುಡುಕೀನಿ."

ಮ್ಯಾನೇಜರ ಎದ್ದು ಫೋಟೋ ತಂದ.

೪. ಹೆಸರು

ಮುದುಕಿ ಫೋಟೋವನ್ನು ಸೆರಗಿನಿಂದ ಒರೆಸಿದಳು. ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಮ್ಯಾನೇಜರ ಹಿಂದೆ ಅಂಟಿಸಿದ್ದ ತೆಲುಗು ಚೀಟಿ ಓದಿ ಹೇಳಿದ: "ಸಾಹುಕಾರರ ನಾಯಿ ರಾಜಾ. ಜೊತೆಗೆ ಕೆಲಸಗಾರ."

ನನಗೆ ಸಿಟ್ಟು ನೆತ್ತಿಗೇರಿತು. "ನಾಯಿಗೆ ಹೆಸರೈತಿ, ಮನುಷ್ಯಾಗ ಇಲ್ಲೇನ್ರಿ? ಈಗಲೇ ಬರೀರಿ."

"ಬರೀತೀನಿ. ಹೆಸರು ಹೇಳವ್ವ."

ಮುದುಕಿ ತಲೆ ತಗ್ಗಿಸಿದಳು. ಗಂಡನ ಹೆಸರು ಹೇಳುವ ಪದ್ಧತಿ ಆಕೆಯದಲ್ಲ. ನಮಗೆಲ್ಲ ಅವನು ಬರೀ ಕಾಕಾ.

"ಕುದರಿ ಮ್ಯಾಲೆ ಕುಂತಿರತಾನಲ್ಲ, ಭಂಡಾರದ ದೇವರು..." ಅಂದಳು.

"ಬೀರಪ್ಪ?"

"ಅಂವ ನನ್ನ ಮೈದುನ."

"ಮೈಲಾರಪ್ಪ?"

ಸೆರಗು ಬಾಯಿಗೆ ಹೋಯಿತು, ತಲೆ ಹೌದೆಂದು ಆಡಿತು. ಮ್ಯಾನೇಜರ ಬರೆದು ಗಟ್ಟಿಯಾಗಿ ಓದಿದ.

"ಇನ್ನೊಮ್ಮೆ ಓದಪ್ಪ," ಅಂದಳು. ಓದಿದ. ಕಣ್ಣು ಒರೆಸಿಕೊಂಡಳು.

"ಮತ್ತ ಮನ್ಯಾಗ ಅವರನ್ನ ಏನಂತ ಕರೀತಿದ್ದೆವ್ವ?" ಎಂದೆ.

"ನಾಯೀನ ಕರೀತಿದ್ದೆ. 'ರಾಜಾ, ಊಟಕ್ಕ ಬಾ' ಅಂದ್ರ ಇಬ್ರೂ ಬರ್ತಿದ್ರು."

ಆ ಬಂಗಲೆಯ ಫೋಟೋಗಳಲ್ಲಿ ಇನ್ನೂ ಎಷ್ಟೋ ಮಂದಿ ಬರೀ "ಕೆಲಸಗಾರ" ಆಗಿ ನಿಂತಿದ್ದಾರೆ. ಅವರ ಗುರುತು ಹಿಡಿಯುವವರು ನಿಮ್ಮ ಮನೆಯಲ್ಲಿದ್ದಾರೆ. ಅವರ ಕಣ್ಣು ಕಾಣುವಾಗಲೇ ಕರೆದುಕೊಂಡು ಗದ್ವಾಲಿಗೆ ಹೋಗ್ರಿ. ಫೋಟೋ ಕೇಳ್ರಿ. ಹೆಸರು ಬರೆಸದೆ ಎದ್ದು ಬರಬ್ಯಾಡ್ರಿ.