ಇಳಿಬಿದ್ದ ಹೂವನ್ನು ನೆಟ್ಟಗೆ ಮಾಡಿದ ತೀರ್ಪುಗಾರರಿಗೆ

ಫಲಪುಷ್ಪ ಪ್ರದರ್ಶನದ ಮುಖ್ಯ ತೀರ್ಪುಗಾರರೂ, ಉದ್ಯಾನ ಇಲಾಖೆಯ ಉಪನಿರ್ದೇಶಕರೂ, ಜಗತ್ತಿನಲ್ಲಿ ನೆಟ್ಟಗೆ ನಿಂತಿರುವ ಸಮಸ್ತ ವಸ್ತುಗಳ ಪರಮಮಿತ್ರರೂ ಆದ ಮಾನ್ಯರೇ,

ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ. ಪ್ರದರ್ಶನದ ಮೊದಲ ದಿನ ನನ್ನ ಅಕ್ಕನ ಏಳು ವರ್ಷದ ದುಡಿಮೆಯನ್ನು ತಾವು ಏಳೇ ನಿಮಿಷದಲ್ಲಿ ಮುಗಿಸಿದ ವೇಗವನ್ನು ಕಣ್ಣಾರೆ ಕಂಡವನಾದ್ದರಿಂದ, ಈ ಪತ್ರ ಓದಲು ತಮಗೆ ಹೆಚ್ಚು ಹೊತ್ತು ಹಿಡಿಯಲಾರದೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ನಾನು ಅಚ್ಚುಮನೆಯಲ್ಲಿ ಕರಡು ತಿದ್ದುವವನು. ತಪ್ಪು ಕಂಡಲ್ಲಿ ಗುರುತು ಹಾಕುವುದು ನನ್ನ ಹೊಟ್ಟೆಪಾಡು. ಸರಿಯಿದ್ದುದನ್ನು ತಿದ್ದುವ ವಿದ್ಯೆಯೊಂದಿದೆ ಎಂಬುದು ಮಾತ್ರ ತಮ್ಮ ದರ್ಶನವಾದ ಮೇಲೆ ತಿಳಿಯಿತು.

ಅಕ್ಕನ ಪರಿಚಯ ತಮಗಿರಲಾರದು. ದೊಡ್ಡಾಸ್ಪತ್ರೆಯ ಹಿಂಭಾಗದ ಬಟ್ಟೆ ಒಗೆಯುವ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ರೋಗಿಗಳ ಹಾಸಿಗೆಬಟ್ಟೆಗಳನ್ನು ಕುದಿಸಿ, ಹಿಂಡಿ, ಇಸ್ತ್ರಿ ಮಾಡುತ್ತಿರುವವಳು ಅವಳು. ಏಳು ವರ್ಷದ ಹಿಂದೆ ರಸ್ತೆ ಅಗಲ ಮಾಡಲೆಂದು ಆಸ್ಪತ್ರೆಯೆದುರಿನ ಹಳೆಯ ಮರವನ್ನು ತಮ್ಮ ಇಲಾಖೆ ಕಡಿಸಿದಾಗ, ಲಾರಿಗೆ ತುಂಬುತ್ತಿದ್ದ ಕೊಂಬೆಯೊಂದಕ್ಕೆ ಅಂಟಿಕೊಂಡಿದ್ದ ಗಿಡವನ್ನು ಬಿಡಿಸಿ ಒದ್ದೆ ಟವೆಲಿನಲ್ಲಿ ಸುತ್ತಿ ತಂದಳು. ನಾಲ್ಕು ಎಲೆ, ಎರೆಹುಳದಂಥ ಮೂರು ಬೇರು, ಅಷ್ಟೇ. “ಇದ್ಯಾವ ಕಸ ತಂದೆ ಅಕ್ಕಾ?” ಎಂದು ನಾನೇ ನಕ್ಕಿದ್ದೆ. “ಬೇರಿನ ತುದಿ ಇನ್ನೂ ಹಸಿರಿದೆ ನೋಡೋ. ಜೀವ ಇದೆ ಅಂತ ಲೆಕ್ಕ” ಎಂದಿದ್ದಳು.

ಮರದ ಪಟ್ಟಿಗಳಿಗೆ ಸಂದುಬಿಟ್ಟು ಮೊಳೆ ಹೊಡೆದು ಒಂದು ಬುಟ್ಟಿ ಮಾಡಿ, ಅದರೊಳಗೆ ಇದ್ದಿಲ ಚೂರು, ತೊಗಟೆಯ ತುಂಡು ಹಾಕಿ, ಚಿಟಿಕೆ ಮಣ್ಣೂ ಸೋಕಿಸದೆ ಗಿಡವನ್ನು ಕೂರಿಸಿ, ಒಗೆಯುವ ಕೋಣೆಯ ಮೂಡಣ ಕಿಟಕಿಗೆ ತೂಗುಹಾಕಿದಳು. ಬೆಳಗಿನ ಎಳೆಬಿಸಿಲು, ಹಂಡೆಗಳ ಹಬೆ, ಕಿಟಕಿಯಿಂದ ಬಾಗಿಲಿಗೆ ಓಡಾಡುವ ಗಾಳಿ ಮೂರೂ ಅದಕ್ಕೆ ಒಗ್ಗಿದವು. ಬೆಳಿಗ್ಗೆ ಬಂದವಳೇ ಬೂದುಬಣ್ಣದ ಬೇರು ಹಸಿರಾಗುವವರೆಗೆ ನೀರು ಸಿಂಪಡಿಸುವಳು. ಸಂಜೆಯೊಳಗೆ ಒಣಗಲು ಬಿಡುವಳು. ಮೂರನೆಯ ವರ್ಷ ಕೊಳೆರೋಗ ತಗುಲಿದಾಗ ಅರ್ಧ ಗಿಡವನ್ನೇ ಬ್ಲೇಡಿನಿಂದ ಕತ್ತರಿಸಿ ಎಸೆದಳು. ಆರು ವರ್ಷ ಒಂದು ಮೊಗ್ಗೂ ಬರಲಿಲ್ಲ. ಈ ವರ್ಷ ಮೂರು ಗೊಂಚಲು ಬಂದವು. ಒಂದೊಂದೂ ಮೊಳದುದ್ದ, ಬಿಳಿ ಎಸಳಿನ ಮೇಲೆ ನೇರಳೆ ಚುಕ್ಕೆ, ನರಿಬಾಲದ ಹಾಗೆ ಕೆಳಕ್ಕೆ ಇಳಿಬಿದ್ದವು. ಬಲ್ಲವರು ಇದನ್ನು ಸೀತಾಳೆ ಎನ್ನುತ್ತಾರೆ, ಪುಸ್ತಕದವರು ಆರ್ಕಿಡ್ ಎನ್ನುತ್ತಾರೆ. ಫಿನಾಯಿಲಿನ ವಾಸನೆಯೊಂದೇ ದರ್ಬಾರು ನಡೆಸಿದ್ದ ಆ ಕೋಣೆಯಲ್ಲಿ ಏಲಕ್ಕಿ ಬೆರೆತ ಜೇನಿನಂಥ ಪರಿಮಳ ಹಬ್ಬಿ, ಸ್ಟ್ರೆಚರ್ ತಳ್ಳುವವರು ದಾರಿ ಬಳಸಿಯಾದರೂ ಆ ಕಿಟಕಿಯ ಮುಂದೆಯೇ ಹೋಗತೊಡಗಿದರು.

ಬರುವ ತಿಂಗಳು ನಿವೃತ್ತಳಾಗುವವಳು, ಅದಕ್ಕೆ ಮೊದಲು ನಾಲ್ಕು ಜನ ನೋಡಲಿ ಎಂದು ಗಿಡವನ್ನು ತಮ್ಮ ಪ್ರದರ್ಶನಕ್ಕೆ ತಂದಳು. ಬುಟ್ಟಿಯ ಪಕ್ಕದ ಚೀಟಿಯಲ್ಲಿ ಅವಳ ಹೆಸರು ಅಚ್ಚಾಗಿತ್ತು. ಸಾವಿರಾರು ಜನರ ಹೆಸರು ತಿದ್ದಿದ ನಾನು ಅಕ್ಕನ ಹೆಸರನ್ನು ಅಚ್ಚಿನಲ್ಲಿ ಕಂಡದ್ದು ಅದೇ ಮೊದಲು. ಅವಳು ಆ ಚೀಟಿಯನ್ನು ಮೂರು ಸಲ ನೇರ ಮಾಡಿದಳು.

ಅಷ್ಟರಲ್ಲಿ ತಾವು ಅಳತೆಪಟ್ಟಿ, ಇಬ್ಬರು ಸಹಾಯಕರು ಹಾಗೂ ಎಂದೂ ಇಳಿಯದ ಕತ್ತಿನೊಂದಿಗೆ ದಯಮಾಡಿಸಿದಿರಿ. “ಇದೇನಮ್ಮಾ, ಹೂವೆಲ್ಲ ನೆಲ ನೋಡ್ತಿದೆ?” ಎಂದಿರಿ.

“ಇದರ ಜಾತಿನೇ ಹಾಗೆ ಸಾರ್, ಇಳಿಬಿದ್ದೇ ಹೂ ಬಿಡೋದು” ಎಂದಳು ಅಕ್ಕ.

“ಮಣ್ಣೆಲ್ಲಿ?”

“ಮಣ್ಣು ಹಾಕಿದ್ರೆ ಬೇರು ಕೊಳೆಯುತ್ತೆ ಸಾರ್. ಗಾಳಿ ಆಡ್ಬೇಕು.”

“ನಂಗೇ ಪಾಠ ಹೇಳ್ಬೇಡ. ಇಪ್ಪತ್ತೆರಡು ವರ್ಷ ಸರ್ವಿಸ್ ಆಗಿದೆ” ಎಂದಿರಿ. ಇಪ್ಪತ್ತೆರಡು ವರ್ಷ ಒಂದು ಗಿಡದ ಮಾತನ್ನೂ ಕೇಳದೆ ಸರ್ವಿಸ್ ಮಾಡುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲ. ಅಳತೆಪಟ್ಟಿಯನ್ನು ಬುಟ್ಟಿಯ ಅಂಚಿನಿಂದ ಮೇಲಕ್ಕೇ ಹಿಡಿದು, ಅಲ್ಲಿ ಗಾಳಿಯ ಹೊರತು ಏನೂ ಕಾಣದೆ, “ಹೂವಿನ ಎತ್ತರ: ಇಲ್ಲ” ಎಂದು ಬರೆಸಿದಿರಿ. ಮಾರುದೂರದಲ್ಲಿ ನಿಂತೇ “ಪರಿಮಳ: ಸೊನ್ನೆ” ಎಂದಿರಿ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂಬ ಗಾದೆಯನ್ನು ನಾನಿಲ್ಲಿ ಖಂಡಿತ ಬಳಸಲಾರೆ. ಕತ್ತೆ ಕಡೇಪಕ್ಷ ಹತ್ತಿರ ಬಂದು ಮೂಸಿಯಾದರೂ ನೋಡುತ್ತದೆ.

ಬಳಿಕ ತಾವು ಕರುಣೆ ತೋರಿದಿರಿ. ತಮ್ಮ ಅಪ್ಪಣೆಯಂತೆ ಸಹಾಯಕರು ಗಿಡವನ್ನು ಬುಟ್ಟಿಯಿಂದ ಕಿತ್ತು, ಕುಂಡಕ್ಕಿಟ್ಟು, ಕೆಂಪುಮಣ್ಣು ತುಂಬಿ, ಕಾಲಿನಿಂದ ತುಳಿಯುವುದೊಂದು ಬಿಟ್ಟು ಮಿಕ್ಕೆಲ್ಲ ರೀತಿಯಲ್ಲೂ ಅದುಮಿ, ಒಂದು ಬಕೆಟ್ ನೀರು ಸುರಿದರು. “ಬೇಡ ಸಾರ್, ಬೇಡ” ಎಂದು ಅಕ್ಕ ಕೈ ಅಡ್ಡ ಹಿಡಿದರೆ “ಪಕ್ಕಕ್ಕೆ ಬಾಮ್ಮಾ” ಎಂದರು. ಇಳಿಬಿದ್ದ ಗೊಂಚಲುಗಳನ್ನು ಮೇಲೆತ್ತಿ ಬಿದಿರುಕಡ್ಡಿಗೆ ಕಟ್ಟಹೊರಟಾಗ ಒಂದು ಗೊಂಚಲು ಬುಡದಲ್ಲೇ ಟಕ್ಕೆಂದು ಮುರಿದು ಅಕ್ಕನ ಅಂಗೈಗೆ ಬಿತ್ತು. “ಒಂದು ಹೋದ್ರೆ ಏನಾಯ್ತು, ಇನ್ನೂ ಎರಡಿದೆಯಲ್ಲ” ಎಂದು ಸಮಾಧಾನ ಹೇಳಿದಿರಿ. ಕೊನೆಗೆ ಅವಳ ಹೆಸರಿನ ಮೇಲೆಯೇ ಕೆಂಪು ಶಾಯಿಯಲ್ಲಿ “ಅನರ್ಹ, ಗಿಡ ತಲೆಕೆಳಗಾಗಿದೆ” ಎಂದು ಬರೆದು ಮುನ್ನಡೆದಿರಿ. ಕುಣಿಯಲಾರದವಳು ನೆಲ ಡೊಂಕು ಎಂದದ್ದು ಹಳೆಯ ಕತೆ. ನೋಡಲಾರದವರು ಹೂವೇ ಡೊಂಕು ಎಂದದ್ದನ್ನು ಕೇಳುವ ಭಾಗ್ಯ ನಮ್ಮದಾಯಿತು.

ಅಕ್ಕ ಅಳಲಿಲ್ಲ. ದಾರಗಳನ್ನು ಒಂದೊಂದಾಗಿ ಬಿಚ್ಚಿ, ಕುಂಡವನ್ನು ಹೊರಗಿನ ನಲ್ಲಿಯ ಬಳಿ ಒಯ್ದು, ಮಗುವಿನ ಬೆರಳು ತೊಳೆದಂತೆ ಬೇರುಗಳ ಮಣ್ಣು ತೊಳೆದು, ಗಿಡವನ್ನು ಮತ್ತೆ ಬುಟ್ಟಿಯಲ್ಲಿ ಕೂರಿಸಿದಳು. ಗೇಟಿನಲ್ಲಿ ಕಾವಲುಗಾರ ಅಡ್ಡ ನಿಂತು, “ಪ್ರದರ್ಶನ ಮುಗಿಯೋವರೆಗೂ ಏನೂ ಹೊರಗೆ ಒಯ್ಯೋ ಹಾಗಿಲ್ಲ” ಎಂದ. ಅವಳು ತಮ್ಮ ಹಸ್ತಾಕ್ಷರವಿದ್ದ ಚೀಟಿ ತೋರಿಸಿದಳು. “ಇದು ಲೆಕ್ಕಕ್ಕೇ ಇಲ್ಲ ಅಂತ ನಿಮ್ಮ ಸಾಹೇಬರೇ ಬರೆದುಕೊಟ್ಟಿದ್ದಾರೆ. ಲೆಕ್ಕಕ್ಕಿಲ್ಲದ್ದನ್ನ ತಡೆಯೋಕೆ ಬರ್ತೀಯಾ?” ಆತ ಚೀಟಿ ಓದಿ, ಹೂ ನೋಡಿ, ಬಗ್ಗಿ ಒಮ್ಮೆ ಮೂಸಿ, ಗೇಟು ತೆರೆದ. ಪ್ರದರ್ಶನದಲ್ಲಿ ಆ ಹೂವನ್ನು ನಿಜವಾಗಿ ಪರೀಕ್ಷಿಸಿದ ಅಧಿಕಾರಿ ಅವನೊಬ್ಬನೇ. ತಮ್ಮ ಹುದ್ದೆಗೆ ಅವನ ಹೆಸರನ್ನು ವಿನಯಪೂರ್ವಕವಾಗಿ ಶಿಫಾರಸು ಮಾಡುತ್ತೇನೆ.

ಬಸ್ಸಿನಲ್ಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತವಳು, “ಆ ಮನುಷ್ಯನಿಗೆ ಗೊತ್ತಿಲ್ಲ ಅಂತ ನಂಗೆ ಬೇಜಾರಿಲ್ಲ ಕಣೋ. ಕೇಳಿದ್ರೆ ಹೇಳ್ತಿದ್ದೆ. ಕೇಳ್ಲೇ ಇಲ್ಲವಲ್ಲ” ಎಂದಳು. ಮಾನ್ಯರೇ, ಅವಳಿಗೆ ಸಿಟ್ಟು ಬರುವುದು ಕಷ್ಟ. ಆ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ.

ಇವತ್ತಿಗೆ ಹನ್ನೊಂದು ದಿನವಾಯಿತು. ಕೊಳೆತ ನಾಲ್ಕು ಬೇರುಗಳನ್ನು ಅಕ್ಕ ಕತ್ತರಿಸಿದಳು, ಎರಡು ಎಲೆ ಉದುರಿದವು. ಉಳಿದ ಎರಡು ಗೊಂಚಲು, ತಮ್ಮ ಆದೇಶವನ್ನು ಸಂಪೂರ್ಣ ಉಲ್ಲಂಘಿಸಿ, ಕೆಳಮುಖವಾಗಿಯೇ ಅರಳಿಕೊಂಡಿವೆ. ನಿನ್ನೆ ಬುಡದಲ್ಲಿ ಹೊಸ ಬೇರಿನ ಮೊನೆಯೊಂದು ಮೂಡಿದೆ. ಅದನ್ನು ತೋರಿಸಲು ಅಕ್ಕ ಫೋನು ಮಾಡಿ ನನ್ನನ್ನು ಅಚ್ಚುಮನೆಯಿಂದ ಕರೆಸಿದಳು.

ಇನ್ನು ನನ್ನ ಬಿನ್ನಹ. ಬಾಳೆಗೊನೆಗಳು ತಲೆಮಾರುಗಳಿಂದ ನೆಲ ನೋಡುತ್ತಿವೆ; ದಯವಿಟ್ಟು ಕಡ್ಡಿ ಕೊಟ್ಟು ನಿಲ್ಲಿಸಿ. ಬಾವಲಿಗಳಿಗೆ ನೋಟಿಸು ಕೊಡಿ. ಮಳೆ ಕೂಡ ಯಾವ ಅನುಮತಿಯೂ ಇಲ್ಲದೆ ಮೇಲಿನಿಂದ ಕೆಳಕ್ಕೇ ಬೀಳುತ್ತಿದ್ದು, ಅದನ್ನು ತಿರುಗಿಸಲು ತಮ್ಮಂಥವರೇ ಬೇಕು. ಇವೆಲ್ಲ ಮುಗಿದ ಮೇಲೆ ಬಿಡುವಾದರೆ, ಒಂದೇ ಒಂದು ಸಲ ತಮ್ಮ ಕತ್ತನ್ನು ನಾಲ್ಕು ಅಂಗುಲ ಬಗ್ಗಿಸಿ. ಇಳಿಬಿದ್ದ ಹೂವಿನ ಮುಖ ಕಾಣಬೇಕಾದರೆ ಬಗ್ಗಲೇಬೇಕು. ಅದಕ್ಕೆ ಬೇರೆ ನಿಯಮವಿಲ್ಲ.

ಯಾವ ಕಡ್ಡಿಯ ಆಸರೆಯೂ ಇಲ್ಲದೆ ನಿಂತು ಬರೆದ,
ತಮ್ಮ ವಿಶ್ವಾಸಿ,
ಅನರ್ಹಳ ತಮ್ಮ

ತಾ.ಕ.: ಆರ್ಕಿಡ್ ವಿಭಾಗದಲ್ಲಿ ತಾವು ಮೊದಲ ಬಹುಮಾನ ಕೊಟ್ಟದ್ದು ಸುಗಂಧರಾಜಕ್ಕೆ. ಅದು ಆರ್ಕಿಡ್ ಅಲ್ಲ, ಆದರೆ ಕೋಲಿನಷ್ಟು ನೆಟ್ಟಗಿದೆ ಎಂಬುದನ್ನು ಒಪ್ಪುತ್ತೇನೆ. ಅದರ ಒಡತಿ, ನಿವೃತ್ತ ಶಾಲಾ ಶಿಕ್ಷಕಿ, ಕುಂಡವನ್ನು ಆ ವಿಭಾಗದ ಮೇಜಿನ ಮೇಲಿಟ್ಟು ಟೀ ಕುಡಿಯಲು ಹೋಗಿದ್ದರಂತೆ. ಬಹುಮಾನದ ಬಟ್ಟಲನ್ನು ಹಿಂದಿರುಗಿಸಲು ಹೋದರೆ ತಮ್ಮ ಕಚೇರಿಯವರು “ತೀರ್ಪು ಅಂತಿಮ” ಎಂದು ಕಳಿಸಿದರಂತೆ. ಅವರು ಮೊನ್ನೆ ಆಸ್ಪತ್ರೆ ಹುಡುಕಿಕೊಂಡು ಬಂದು ಅದನ್ನು ಅಕ್ಕನ ಕೈಗಿತ್ತು ಹೋದರು. ಇಸ್ತ್ರಿಗೆ ಮುಂಚೆ ಬಟ್ಟೆಗೆ ಚಿಮುಕಿಸುವ ನೀರಿಡಲು ಅದು ತುಂಬಾ ಅನುಕೂಲವಾಗಿದೆ.