ಅಡ್ಡಹೆಸರಿನ ಊರಿಗೆ ಹೊರಟ ಕಂಡಕ್ಟರ್

ನಿಮ್ಮ ಅಡ್ಡಹೆಸರು ಯಾವುದಾದರೂ ಊರಿನ ಹೆಸರಾಗಿದ್ದರೆ, ದಯವಿಟ್ಟು ನಮ್ಮ ಕಾಕಾನ ಕಣ್ಣಿಗೆ ಬೀಳಬೇಡಿ. ಬಿದ್ದಿರೋ, ಅವರು ನಿಮ್ಮನ್ನು ಆ ಊರಿಗೆ ಕಳಿಸದೆ ಬಿಡುವವರಲ್ಲ!

ನಮ್ಮ ಧಾರವಾಡ ಸೀಮೆಯಲ್ಲಿ ಇದೇನು ಸಣ್ಣ ಅಪಾಯವೇ? ಇಲ್ಲಿ ಅರ್ಧ ಮಂದಿಯ ಅಡ್ಡಹೆಸರು ಊರಿನದೇ. ಯಾವ ಕಾಲದಲ್ಲೋ ಯಾವ ಮುತ್ತಜ್ಜನೋ ಬಿಟ್ಟುಬಂದ ಊರು ಹೆಸರಿಗೆ ಅಂಟಿಕೊಂಡಿರುತ್ತದೆ; ಮೊಮ್ಮಕ್ಕಳು ಅದರ ಮುಖವನ್ನೇ ನೋಡಿರುವುದಿಲ್ಲ. ಅವರಿಗೂ ಊರಿಗೂ ಪರಿಚಯ ಮಾಡಿಸುವ ಕೆಲಸವನ್ನು ಕಾಕಾ ತಾವಾಗಿಯೇ ವಹಿಸಿಕೊಂಡಿದ್ದಾರೆ. ಮೂವತ್ತು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾದರೂ ಜನರನ್ನು ಊರು ಮುಟ್ಟಿಸುವ ಚಟ ಹೋಗಿಲ್ಲ, ಅಂಗಿಯ ಕಿಸೆಯಲ್ಲಿ ಸೀಟಿ ಈಗಲೂ ಇದೆ.

ಆದರೆ ನಮ್ಮದೇ ಊರು? ನಮ್ಮ ಅಡ್ಡಹೆಸರು ಕಂಚಗೇರಿ. ಬಸ್ಸು ಹತ್ತಿದವರನ್ನೆಲ್ಲ ಕೇಳಿದರೂ ಕಂಚಗೇರಿ ಕಂಡವರು ಒಬ್ಬರೂ ಸಿಗಲಿಲ್ಲ. ಕಾಕಾ ಹುಟ್ಟಿದ್ದು, ಬೆಳೆದದ್ದು ಮೊರಬದಲ್ಲೇ. ಆದರೂ "ಇದು ನಾವಿರೂ ಊರು, ನಮ್ಮೂರಲ್ಲ" ಎಂಬ ಹಟ. ಯಾರಾದರೂ "ನಿಮ್ಮೂರು ಯಾವದ್ರಿ?" ಎಂದರೆ ಉತ್ತರ ಕೊಡದೆ ಸೀಟಿ ಊದಿಬಿಡುತ್ತಿದ್ದರು. ಓಡುವ ಬಸ್ಸು ಗಕ್ಕನೆ ನಿಲ್ಲುತ್ತಿತ್ತು!

ಒಮ್ಮೆ ತಂಬೂರ ಎಂಬ ಅಡ್ಡಹೆಸರಿನ ವಿಜ್ಞಾನಿಯೊಬ್ಬರಿಗೆ ಪ್ರಶಸ್ತಿ ಬಂದ ಸುದ್ದಿ ಪೇಪರಿನ ಮೂಲೆಯಲ್ಲಿ ಬಂತು. ಫೋಟೋ ಇರಲಿಲ್ಲ. ಕಾಕಾ ಪೇಪರು ಬಗಲಲ್ಲಿಟ್ಟುಕೊಂಡು ಕಲಘಟಗಿ ದಾಟಿ ತಂಬೂರಿಗೇ ಹೋದರು. ಅಲ್ಲಿಯ ಕಟ್ಟೆಯ ಮೇಲೆ ಭಾಷಣವಾಯಿತು.

"ನಿಮ್ಮೂರ ಮನಷ್ಯಾ ಇಷ್ಟ ದೊಡ್ಡಾಂವ ಆಗ್ಯಾನ, ನೀವು ಎಲಿ ಅಡಿಕಿ ಹಾಕ್ಕೋತ ಕುಂತೀರಲ್ರೀ!"

ಹುಡುಗರಿಗೆ ಹುರುಪು ಬಂತು. ನಾಲ್ಕೇ ದಿನದಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಎದ್ದಿತು: "ನಮ್ಮೂರ ಹೆಮ್ಮೆಯ ಜಗದ್ವಿಖ್ಯಾತ ವಿಜ್ಞಾನಿ." ಕೆಳಗೆ, ಸಿಕ್ಕ ಒಂದೇ ಫೋಟೋ, ನಮ್ಮ ಕಾಕಾನದು! ಮೊಬೈಲಿನಲ್ಲಿ ಅದನ್ನು ಕಂಡ ಕಾಕಾನ ಹೆಂಡತಿ, ನಮ್ಮ ಕಾಕು, ಹಣೆ ಬಡಿದುಕೊಂಡರು. "ಅಯ್ಯ ಶಿವನ! ಸಾಲ್ಯಾಗ ವಿಜ್ಞಾನಕ್ಕ ಮೂರ ಸರ್ತಿ ಕುಂತಾರಿವ್ರು!"

ನನ್ನ ತಂಗಿಯನ್ನು ನೋಡಲು ಗದಗಿನಿಂದ ವರನ ಕಡೆಯವರು ಬಂದಾಗಲೂ ಹೀಗೇ. ಅವರ ಅಡ್ಡಹೆಸರು ಮೊರಬದ. ಕಾಕಾ ಬಾಗಿಲಲ್ಲೇ ನಿಂತರು.

"ಮೊರಬದವ್ರು ಮೊರಬಕ್ಕ ಬಂದ್ರ ಬೀಗರು ಹೆಂಗಾಗ್ತೀರಿ? ನೀವು ಊರವ್ರು, ನಾವು ಪರಸ್ಥಳದವ್ರು. ಚಾ ನೀವ ಮಾಡ್ರಿ!"

ನಮ್ಮಪ್ಪನ ಮುಖದ ಬಣ್ಣವೇ ಹೋಯಿತು. ಸಂಬಂಧ ಮುರಿಯಿತೆಂದೇ ಎಲ್ಲರೂ ಅಂದುಕೊಂಡೆವು. ವರ ಮಾತ್ರ ನಗುತ್ತಾ ಎದ್ದು ಒಳಗೆ ಹೋಗಿ ಶುಂಠಿ ಜಜ್ಜಿ ಚಹಾ ಮಾಡಿದ. ತಂಗಿ ಅಲ್ಲೇ ಒಪ್ಪಿದಳು. ಅವರ ಮನೆಯಲ್ಲಿ ಇವತ್ತಿಗೂ ಚಹಾ ಅವನದೇ!

ಹೀಗಿರುವಾಗ ಹೋದ ಚಳಿಗಾಲದಲ್ಲಿ, ಬೇರೇನೋ ಕಾಗದಕ್ಕೆ ಅಲೆಯುತ್ತಿದ್ದ ನನಗೆ ಹಳ್ಳಿಗಳ ಲೆಕ್ಕಪತ್ರ ನೋಡುವ ತಲಾಟಿಯೊಬ್ಬರು ಹಳೇ ದಫ್ತರದಲ್ಲಿ ಒಂದು ಹೆಸರು ತೋರಿಸಿದರು. ಕಂಚಗೇರಿ! ಬಾಜೂಕೆ ಬರೆದಿತ್ತು: 'ಬೇಚರಾಕ'. ಎಂದರೆ, ಜನ ಬಿಟ್ಟುಹೋದ ಊರು. ಕಾಗದದಲ್ಲಿ ಹೆಸರುಂಟು, ನೆಲದ ಮೇಲೆ ಒಂದು ಮನೆಯೂ ಇಲ್ಲ.

ಹೇಳಲೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಹೇಳಿದ ಕೂಡಲೇ ಕಾಕಾ ಎದ್ದು ಒಳಗೆ ಹೋದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ನನ್ನ ಬೈಕಿನ ಹಿಂದೆ ಕುಳಿತರು.

ಅಣ್ಣಿಗೇರಿ ದಾಟಿ, ಕಪ್ಪು ಮಣ್ಣಿನ ಎರಿಹೊಲಗಳ ನಡುವಿನ ಗಾಡಿದಾರಿಯಲ್ಲಿ ಹೋದೆವು. ಕೊನೆಗೆ ಕಡಲೆ ಹೊಲವೊಂದರ ಅಂಚಿಗೆ ಒಂದು ಹುಣಸೆಗಿಡ, ಮಣ್ಣಿನಲ್ಲಿ ಅರ್ಧ ಹೂತ ಬೀಸುಕಲ್ಲು. ಅಷ್ಟೇ ಊರು. ಇಷ್ಟಕ್ಕಾಗಿ ಕರೆತಂದೆನಲ್ಲ ಎಂದು ನನ್ನ ಮೇಲೇ ನನಗೆ ಸಿಟ್ಟು ಬಂತು.

ಕಡಲೆ ಕೀಳುತ್ತಿದ್ದ ಹೆಣ್ಣುಮಗಳೊಬ್ಬಳು ತಲೆಯೆತ್ತಿ ಕೇಳಿದಳು.

"ಯಾವೂರ್ರೀ ಯಜ್ಜಾರ ನಿಮ್ದು?"

ಕಾಕಾನ ಕೈ ಕಿಸೆಗೆ ಹೋಯಿತು. ಇನ್ನೇನು ಸೀಟಿ ಊದುತ್ತಾರೆ ಎಂದುಕೊಂಡೆ. ಕೈ ಅಲ್ಲೇ ನಿಂತಿತು.

"ಇದಽ ಊರವ್ವಾ ನಮ್ದು" ಎಂದರು.

ನಾನು ಇನ್ನೂ ಬೈಕಿನ ಮೇಲೇ ಇದ್ದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, ಮೂವತ್ತು ವರ್ಷ ಎಲ್ಲರ ಊರನ್ನೂ ಕೂಗಿದ ಆ ಗಂಟಲಿನಿಂದ, ಬಯಲಿಗೆಲ್ಲ ಕೇಳುವಂತೆ ಕೂಗಿದರು.

"ಕಂಚಗೇರಿ ಬಂತ್ರೀ! ಇಳಕೊಳ್ಳೋರು ಇಳಕೊಳ್ರೀ!"

ನನ್ನ ಕಣ್ಣು ತುಂಬಿತು. ಇಳಿದೆ.